ಮೂಳೆಯ ಸುಣ್ಣ, ನರದ ಸುಣ್ಣ

ಯಾವುದಾದರೊಂದು ಪ್ರೌಢಶಾಲೆಯ ತರಗತಿಯೊಳಕ್ಕೆ ಹೋಗಿ, “ಕ್ಯಾಲ್ಸಿಯಂ ನಮ್ಮ ದೇಹಕ್ಕೆ ಏಕೆ ಬೇಕು?” ಎಂದು ಕೇಳಿ ನೋಡಿರಿ. “ಮೂಳೆ ಮತ್ತು ಹಲ್ಲು ಗಟ್ಟಿಯಾಗುವುದಕ್ಕೆ” ಎಂಬ ಉತ್ತರ ಇಡೀ ತರಗತಿಯಿಂದ ಒಂದೇ ಕಂಠದಲ್ಲಿ ಬರುತ್ತದೆ. ಉತ್ತರ ತಪ್ಪಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕವೂ ದೊರೆಯುತ್ತದೆ. ಹಾಲಿನ ಪುಡಿಯ ಡಬ್ಬಿಯ ಮೇಲೆ, ಮಾತ್ರೆಗಳ ಜಾಹೀರಾತಿನಲ್ಲಿ ನಾವು ಓದುವುದೂ ಇದೇ ಮಾತನ್ನು. ಆದರೆ ಇಷ್ಟನ್ನೇ ಕಲಿತು ಶಾಲೆಯಿಂದ ಹೊರಬೀಳುವ ವಿದ್ಯಾರ್ಥಿಗೆ ನಾವು ಅರ್ಧ ಸತ್ಯವನ್ನು ಮಾತ್ರ ಕೊಟ್ಟು, ಹೆಚ್ಚು ಮುಖ್ಯವಾದ ಇನ್ನರ್ಧವನ್ನು ಬಚ್ಚಿಟ್ಟಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಇನ್ನರ್ಧ ಯಾವುದು, ಅದನ್ನು ಬಿಟ್ಟರೆ ಆಗುವ ನಷ್ಟವೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಲೆಕ್ಕವನ್ನು ನೋಡೋಣ. ವಯಸ್ಕನ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಹಿರಿಯರು ‘ಸುಣ್ಣದ ಅಂಶ’ವೆಂದು ಕರೆಯುತ್ತಿದ್ದುದು ಇದನ್ನೇ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿದೆ. ರಕ್ತದಲ್ಲಿರುವ ಕಣಗಳನ್ನೆಲ್ಲ ಬೇರ್ಪಡಿಸಿದಾಗ ಉಳಿಯುವ ತಿಳಿಯಾದ ರಕ್ತದ್ರವದಲ್ಲಿ, 100 ಮಿಲಿಲೀಟರಿಗೆ ಕೇವಲ 9ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದೇಹದಲ್ಲಿರುವ ರಕ್ತದ್ರವ ಸುಮಾರು 3 ಲೀಟರು. ಆದುದರಿಂದ ಅದರಲ್ಲಿರುವ ಕ್ಯಾಲ್ಸಿಯಂ ಒಟ್ಟು ಸುಮಾರು 300 ಮಿಲಿಗ್ರಾಂ, ಎಂದರೆ ಒಂದು ಚಿಟಿಕೆಯಷ್ಟು. ಆ ಚಿಟಿಕೆಯಲ್ಲಿಯೂ ಅರ್ಧದಷ್ಟು ಪ್ರೋಟೀನು ಮೊದಲಾದವುಗಳಿಗೆ ಅಂಟಿಕೊಂಡಿರುತ್ತದೆ. ಉಳಿದರ್ಧ ಮಾತ್ರ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಎರಡು ಧನ ವಿದ್ಯುದಂಶಗಳನ್ನು ಹೊತ್ತ ಸ್ವತಂತ್ರ ಅಯಾನಾಗಿ ಸಂಚರಿಸುತ್ತದೆ. ಕೆಲಸ ಮಾಡುವುದು ಈ ಸ್ವತಂತ್ರವಾದ ಪಾಲು.

ಈ ಎರಡು ಭಾಗಗಳ ಮಹತ್ತ್ವವನ್ನು ತೂಕದಿಂದ ಅಳೆಯಲಾಗದು. ಮೂಳೆಯ ಕ್ಯಾಲ್ಸಿಯಂ ಹತ್ತರಲ್ಲೊಂದು ಪಾಲು ಕಡಮೆಯಾದರೂ ಅನೇಕ ವರ್ಷಗಳವರೆಗೆ ನಮಗೆ ಅದರ ಅರಿವೇ ಆಗದಿರಬಹುದು. ರಕ್ತದಲ್ಲಿರುವ ಸ್ವತಂತ್ರ ಕ್ಯಾಲ್ಸಿಯಂ ಥಟ್ಟನೆ ಅರ್ಧಕ್ಕಿಳಿಯಿತೆಂದರೆ ಅಂದೇ ಪ್ರಾಣಕ್ಕೆ ಅಪಾಯ. ಒಂದು ಕಿಲೋಗ್ರಾಮಿನ ವಿಷಯವನ್ನು ಮಾತ್ರ ಹೇಳಿ ಒಂದು ಚಿಟಿಕೆಯ ವಿಷಯವನ್ನು ಬಿಡುವುದು ಏಕೆ ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಚಿಟಿಕೆಯ ಮಹಿಮೆ ಮೊದಲು ಬೆಳಕಿಗೆ ಬಂದದ್ದು ಒಂದು ತಪ್ಪಿನಿಂದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿಡ್ನಿ ರಿಂಗರನೆಂಬ ವೈದ್ಯನು ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ, ಅದು ಯಾವ ದ್ರಾವಣದಲ್ಲಿ ಎಷ್ಟು ಹೊತ್ತು ಬಡಿಯುವುದೆಂಬುದನ್ನು ಪರೀಕ್ಷಿಸುತ್ತಿದ್ದನು. ಉಪ್ಪಿನ ದ್ರಾವಣದಲ್ಲಿ ಹೃದಯ ಬಹಳ ಹೊತ್ತು ಬಡಿಯುವುದನ್ನು ಕಂಡು, ಆ ಫಲಿತಾಂಶಗಳನ್ನು 1882ರಲ್ಲಿ ಪ್ರಕಟಿಸಿದನು. ಅನಂತರ ಅವನಿಗೊಂದು ಸಂಗತಿ ತಿಳಿಯಿತು. ಆ ದ್ರಾವಣವನ್ನು ತಯಾರಿಸಿದ್ದು ಬಟ್ಟಿ ಇಳಿಸಿದ ನೀರಿನಿಂದಲ್ಲ. ನ್ಯೂ ರಿವರ್ ಎಂಬ ಕಂಪೆನಿ ನಗರಕ್ಕೆ ಒದಗಿಸುತ್ತಿದ್ದ ನಲ್ಲಿಯ ನೀರಿನಿಂದ! ರಿಂಗರನು ಶುದ್ಧವಾದ ಬಟ್ಟಿನೀರಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿದನು. ಈ ಸಲ ಹೃದಯದ ಬಡಿತ ಕ್ರಮೇಣ ಕುಗ್ಗಿ ನಿಂತುಹೋಯಿತು. ದ್ರಾವಣಕ್ಕೆ ಅತ್ಯಲ್ಪ ಕ್ಯಾಲ್ಸಿಯಂ ಲವಣವನ್ನು ಬೆರಸಿದೊಡನೆ ಅದು ಚೇತರಿಸಿಕೊಂಡಿತು. ಲಂಡನ್ನಿನ ಆ ನಲ್ಲಿಯ ನೀರಿನಲ್ಲಿ ಲೀಟರಿಗೆ ಸುಮಾರು 38 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಅದು ರಕ್ತದಲ್ಲಿರುವ ಸ್ವತಂತ್ರ ಕ್ಯಾಲ್ಸಿಯಮಿನ ಪ್ರಮಾಣಕ್ಕೆ ಬಹುಮಟ್ಟಿಗೆ ಸಮೀಪವಾದದ್ದು. ರಿಂಗರನು 1883ರಲ್ಲಿ ಮತ್ತೊಂದು ಪ್ರಬಂಧವನ್ನು ಬರೆದು, ಹಿಂದಿನ ಪ್ರಯೋಗದಲ್ಲಿ ಆದ ತಪ್ಪನ್ನು ಎಲ್ಲರೆದುರಿಗೆ ಒಪ್ಪಿಕೊಂಡನು. ಇಂದು ಆಸ್ಪತ್ರೆಗಳಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ತೂಗುವ ‘ರಿಂಗರ್ ಲ್ಯಾಕ್ಟೇಟ್’ ಸೀಸೆಯ ಮೇಲೆ ಇರುವುದು ಈತನ ಹೆಸರೇ. ಅದರಲ್ಲಿ ಸ್ವಲ್ಪ ಕ್ಯಾಲ್ಸಿಯಂ ಇಂದಿಗೂ ಸೇರಿರುತ್ತದೆ.

ಹೃದಯದ ವಿಷಯ ಹೀಗಾಯಿತು. ನರಗಳ ವಿಷಯವೇನು? ನರದ ಎಳೆಯಲ್ಲಿ ಸಂದೇಶ ಓಡುವುದು ವಿದ್ಯುತ್ತಿನ ಅಲೆಯಾಗಿ. ಇದಕ್ಕೆ ಮುಖ್ಯವಾಗಿ ಬೇಕಾದವು ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು. ಆದರೆ ಎಳೆ ಮುಗಿದಲ್ಲಿ ಒಂದು ಕಂದರವಿದೆ. ಒಂದು ನರಕೋಶಕ್ಕೂ ಇನ್ನೊಂದಕ್ಕೂ, ಅಥವಾ ನರಕ್ಕೂ ಸ್ನಾಯುವಿಗೂ ನಡುವೆ ಅತಿ ಸೂಕ್ಷ್ಮವಾದ ತೆರಪಿರುತ್ತದೆ. ಈ ಕೂಡುತಾಣವನ್ನು ಪಠ್ಯಪುಸ್ತಕಗಳು ‘ಸಂಸರ್ಗ’ವೆಂದು ಕರೆಯುತ್ತವೆ. ವಿದ್ಯುತ್ತಿನ ಅಲೆ ಸಾಮಾನ್ಯವಾಗಿ ಈ ತೆರಪನ್ನು ಹಾರಲಾರದು. ನರದ ತುದಿಯಲ್ಲಿರುವ ಪುಟ್ಟ ಪುಟ್ಟ ಚೀಲಗಳು ಒಡೆದು, ಅವುಗಳಲ್ಲಿರುವ ಅಸಿಟೈಲ್‌ಕೋಲಿನ್ ಮೊದಲಾದ ರಾಸಾಯನಿಕಗಳು ಹೊರಚೆಲ್ಲಿ, ಆಚೆಯ ದಡವನ್ನು ಮುಟ್ಟಿದರೆ ಮಾತ್ರ ಸಂದೇಶ ಮುಂದುವರಿಯುತ್ತದೆ. ಹಾಗಾದರೆ, ವಿದ್ಯುತ್ತಿನ ಆಜ್ಞೆಯನ್ನು ರಾಸಾಯನಿಕದ ಆಜ್ಞೆಯನ್ನಾಗಿ ಮಾರ್ಪಡಿಸುವವರು ಯಾರು?

ಉತ್ತರ ದೊರೆತದ್ದು ರಿಂಗರನಿದ್ದ ಯೂನಿವರ್ಸಿಟಿ ಕಾಲೇಜಿನಲ್ಲಿಯೇ, ಸುಮಾರು 80 ವರ್ಷಗಳ ಅನಂತರ. ಬರ್ನಾರ್ಡ್ ಕಾಟ್ಸ್ ಮತ್ತು ರಿಕಾರ್ಡೊ ಮಿಲೇಡಿ ಎಂಬ ವಿಜ್ಞಾನಿಗಳು ಕಪ್ಪೆಯ ನರವೂ ಸ್ನಾಯುವೂ ಕೂಡುವ ತಾಣವನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿಟ್ಟರು. ನರದಲ್ಲಿ ಅಲೆ ಬಂದರೂ ಸ್ನಾಯುವಿಗೆ ಸುದ್ದಿ ಮುಟ್ಟಲಿಲ್ಲ. ಆಗ ಕೂದಲಿಗಿಂತ ತೆಳುವಾದ ಗಾಜಿನ ನಳಿಗೆಯ ತುದಿಯಿಂದ ಆ ತಾಣಕ್ಕೆ ಮಾತ್ರ ಕಿಂಚಿತ್ ಕ್ಯಾಲ್ಸಿಯಂ ಅನ್ನು ಹಾಯಿಸಿದರು. ಅಲೆ ಬರುವುದಕ್ಕೆ ತುಸು ಮೊದಲು ಕ್ಯಾಲ್ಸಿಯಂ ಅಲ್ಲಿದ್ದರೆ ಸಂದೇಶ ದಾಟಿತು. ಅಲೆ ಮುಗಿದ ಮೇಲೆ ಬಂದರೆ ದಾಟಲಿಲ್ಲ. ಈ ಪ್ರಯೋಗಗಳು 1967ರಲ್ಲಿ ಪ್ರಕಟವಾದವು. ಅದೇ ವರ್ಷ ಡಾಜ್ ಮತ್ತು ರಹಮಿಮಾಫ್ ಎಂಬ ಇನ್ನಿಬ್ಬರು ಮತ್ತೊಂದು ಸಂಗತಿಯನ್ನು ತೋರಿಸಿದರು. ಕ್ಯಾಲ್ಸಿಯಂ ಕಡಮೆಯಿರುವಾಗ, ಹೊರಚೆಲ್ಲುವ ರಾಸಾಯನಿಕದ ಮೊತ್ತ ಕ್ಯಾಲ್ಸಿಯಮಿನ ಪ್ರಮಾಣದ ನಾಲ್ಕನೆಯ ಘಾತವನ್ನು ಸರಿಸುಮಾರಾಗಿ ಅನುಸರಿಸುತ್ತದೆ. ಎಂದರೆ ಕ್ಯಾಲ್ಸಿಯಂ ಅರ್ಧಕ್ಕಿಳಿದರೆ ಸಂದೇಶದ ಬಲ ಅರ್ಧಕ್ಕಲ್ಲ, ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಚಿಟಿಕೆಯ ಅಳತೆ ಏಕೆ ಅಷ್ಟು ಕರಾರುವಾಕ್ಕಾಗಿರಬೇಕೆಂಬುದು ಈ ಲೆಕ್ಕದಿಂದ ಮನದಟ್ಟಾಗುತ್ತದೆ. ಕಾಟ್ಸ್ 1970ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಕ್ಯಾಲ್ಸಿಯಂ ಒಳನುಗ್ಗಿದೊಡನೆ ಚೀಲಗಳನ್ನು ಒಡೆಯಿಸುವ ಪ್ರೋಟೀನುಗಳ ಬಗೆಗಿನ ಶೋಧನೆಗಾಗಿ ಥಾಮಸ್ ಸೂಡಾಫ್ 2013ರಲ್ಲಿ ಅದೇ ಪಾರಿತೋಷಕದಲ್ಲಿ ಪಾಲು ಪಡೆದನು.

ಇಲ್ಲಿ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಬೇಕು. ಇಷ್ಟು ಬಗೆಯ ಅಯಾನುಗಳಿರುವಾಗ ಕ್ಯಾಲ್ಸಿಯಮಿಗೇ ಈ ದೂತನ ಪದವಿ ಏಕೆ? ಕೋಶದ ಒಳಗೂ ಹೊರಗೂ ಇರುವ ಅಂತರದಲ್ಲಿ ಉತ್ತರವಿದೆ. ಕೋಶದ ಒಳಗೆ ಸ್ವತಂತ್ರ ಕ್ಯಾಲ್ಸಿಯಂ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಕೋಶವು ತನ್ನ ಶಕ್ತಿಯ ಹಣವನ್ನು ಫಾಸ್ಫೇಟಿನ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಫಾಸ್ಫೇಟೂ ಕ್ಯಾಲ್ಸಿಯಮೂ ಹೆಚ್ಚು ಪ್ರಮಾಣದಲ್ಲಿ ಕೂಡಿದರೆ ಕರಗದ ಲವಣವಾಗಿ ಗಟ್ಟಿಕಟ್ಟುತ್ತವೆ. ಮೂಳೆ ಗಟ್ಟಿಯಾಗಿರುವುದು ಈ ಗುಣದಿಂದಲೇ. ಕೋಶದೊಳಗೆ ಹಾಗಾದರೆ ಅದು ಸಾವು. ಆದುದರಿಂದ ಕೋಶಪೊರೆಯಲ್ಲಿರುವ ಪಂಪುಗಳು ಹಗಲಿರುಳೂ ಶಕ್ತಿಯನ್ನು ವ್ಯಯಿಸಿ ಕ್ಯಾಲ್ಸಿಯಂ ಅನ್ನು ಹೊರದೂಡುತ್ತಿರುತ್ತವೆ. ನಿಶ್ಶಬ್ದವಾದ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಮೆಯಿರುವ ಕೋಶದೊಳಕ್ಕೆ ಕೆಲವೇ ಅಯಾನುಗಳು ನುಗ್ಗಿದರೂ ಅದು ಸ್ಪಷ್ಟವಾದ ಸಂಕೇತವಾಗುತ್ತದೆ. ನರದ ತುದಿಗೆ ಅಲೆ ಬಂದಾಗ ಕ್ಯಾಲ್ಸಿಯಂ ದ್ವಾರಗಳು ತೆರೆಯುವುದು, ಅಯಾನುಗಳು ಒಳನುಗ್ಗುವುದು, ಚೀಲಗಳು ಒಡೆಯುವುದು, ಎಲ್ಲವೂ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟರಲ್ಲಿ ಮುಗಿಯುತ್ತವೆ.

ಇಷ್ಟನ್ನು ಓದಿದವರು, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ನರಗಳು ಮಂಕಾಗುತ್ತವೆ ಎಂದು ಊಹಿಸುವುದು ಸಹಜ. ಮನುಷ್ಯನಲ್ಲಿ ಮೊದಲು ಕಾಣುವುದು ಇದಕ್ಕೆ ವಿರುದ್ಧವಾದದ್ದು. ನರಗಳು ಕಾರಣವಿಲ್ಲದೆ ಉದ್ರೇಕಗೊಳ್ಳುತ್ತವೆ. ತುಟಿ ಮತ್ತು ಬೆರಳುಗಳು ಜುಮುಗುಟ್ಟುತ್ತವೆ. ಕೈಯ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ವೈದ್ಯರು ಇದನ್ನು ಟೆಟನಿ ಎನ್ನುತ್ತಾರೆ. ತುಕ್ಕು ಹಿಡಿದ ಮೊಳೆಯ ಗಾಯದಿಂದ ಬರಬಹುದಾದ ಟೆಟನಸ್ ಎಂಬ ರೋಗವೇ ಬೇರೆ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತೆಗೆದುಹಾಕಿದ ನಾಯಿಗಳಲ್ಲಿ ಇಂತಹ ಸೆಟೆತ ಬರುವುದನ್ನೂ, ಕ್ಯಾಲ್ಸಿಯಂ ಕೊಟ್ಟರೆ ಅದು ಅಡಗುವುದನ್ನೂ ಅಮೆರಿಕದ ಮೆಕಾಲಮ್ ಮತ್ತು ಫೋಕ್ಟ್‌ಲಿನ್ 1909ರಲ್ಲಿ ವಿವರಿಸಿದರು. ಇದರ ಕಾರಣವನ್ನು 1957ರಲ್ಲಿ ಫ್ರಾಂಕನ್‌ಹಾಯ್ಸರ್ ಮತ್ತು ಹಾಜ್‌ಕಿನ್ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಕಂಡರು. ನರದ ಹೊರಗಿರುವ ಕ್ಯಾಲ್ಸಿಯಂ, ಸೋಡಿಯಂ ದ್ವಾರಗಳು ಸುಲಭವಾಗಿ ತೆರೆಯದಂತೆ ಹತೋಟಿಯಲ್ಲಿಡುತ್ತದೆ. ಅದನ್ನು ಐದರಲ್ಲೊಂದು ಪಾಲಿಗೆ ಇಳಿಸಿದರೆ, ಪೊರೆಯ ವಿದ್ಯುತ್ ಒತ್ತಡವನ್ನು 10ರಿಂದ 15 ಮಿಲಿವೋಲ್ಟ್ ಬದಲಿಸಿದಷ್ಟೇ ಪರಿಣಾಮವಾಗುತ್ತದೆ. ಕಾವಲುಗಾರನಿಲ್ಲದ ಬಾಗಿಲಿನಂತೆ ನರ ಸಣ್ಣ ತಳ್ಳಿಗೂ ತೆರೆದುಕೊಳ್ಳುತ್ತದೆ.

ಒಂದೇ ಅಯಾನು ನರದ ಎಳೆಯಲ್ಲಿ ಕಾವಲುಗಾರ, ನರದ ತುದಿಯಲ್ಲಿ ದೂತ. ಈ ಎರಡು ಪಾತ್ರಗಳನ್ನೂ ಒಟ್ಟಿಗೆ ನೋಡಬೇಕಾದರೆ ನಮ್ಮ ಹಳ್ಳಿಯ ಕೊಟ್ಟಿಗೆಗೆ ಬರಬೇಕು. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ಕೆಲವೊಮ್ಮೆ ನಡುಗುತ್ತದೆ. ಬಳಿಕ ಕುಸಿದು ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಏಳಲಾರದೆ ಹೋಗುತ್ತದೆ. ರೈತರು ಇದನ್ನು ‘ಹಾಲುಜ್ವರ’ವೆಂದು ಕರೆಯುತ್ತಾರೆ. ಹೆಸರು ಜ್ವರವಾದರೂ ಹಸುವಿನ ಮೈ ಅನೇಕ ವೇಳೆ ತಣ್ಣಗಿರುತ್ತದೆ. ಗಿಣ್ಣುಹಾಲಿಗೆ ಹರಿದುಹೋಗುವ ಕ್ಯಾಲ್ಸಿಯಂ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ತುಂಬಿಕೊಡುವ ವ್ಯವಸ್ಥೆ ತಡವಾದರೆ ಈ ಅವಸ್ಥೆ ಬರುತ್ತದೆ. ಮೊದಲಿನ ನಡುಕ ಕಾವಲುಗಾರನ ಗೈರುಹಾಜರಿಯಿಂದ ಆದದ್ದು. ಅನಂತರದ ನಿಶ್ಶಕ್ತಿ ದೂತನ ಗೈರುಹಾಜರಿಯಿಂದ ಆದದ್ದು. ಪಶುವೈದ್ಯರು ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸಿದರೆ, ಮಲಗಿದ್ದ ಹಸು ಅನೇಕ ವೇಳೆ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುತ್ತದೆ. ಅದನ್ನೇ ಅವಸರದಿಂದ ಏರಿಸಿದರೆ ಹೃದಯ ನಿಂತುಹೋಗಬಹುದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷಿ ಬೇಕಿಲ್ಲ. ಈ ಹಸುವಿನ ಮೂಳೆಗಳಲ್ಲಿ ಕಿಲೋಗ್ರಾಂಗಟ್ಟಲೆ ಕ್ಯಾಲ್ಸಿಯಂ ಇದ್ದೇ ಇದೆ ಎಂಬುದನ್ನು ವಾಚಕರು ಗಮನಿಸಬೇಕು. ಅದು ನೆಲಕ್ಕೆ ಬಿದ್ದದ್ದು ಮೂಳೆ ಮುರಿದು ಅಲ್ಲ. ರಕ್ತದ ಆ ಚಿಟಿಕೆ ಬರಿದಾಗಿ.

ಇನ್ನೊಂದು ನಿದರ್ಶನ ವಿದ್ಯಾರ್ಥಿಗಳಿಗೆ ತೀರ ಹತ್ತಿರದ್ದು. ಪರೀಕ್ಷೆಯ ದಿನ ಗಾಬರಿಯಿಂದ ಕೆಲವರು ತಮಗರಿವಿಲ್ಲದೆಯೇ ಬೇಗಬೇಗನೆ, ಆಳವಾಗಿ ಉಸಿರಾಡುತ್ತಾರೆ. ತುಸು ಹೊತ್ತಿನಲ್ಲಿ ಬೆರಳ ತುದಿಗಳು ಜುಮುಗುಟ್ಟುತ್ತವೆ, ಬಾಯಿಯ ಸುತ್ತ ಮರಗಟ್ಟಿದಂತಾಗುತ್ತದೆ, ಕೆಲವೊಮ್ಮೆ ಕೈ ಸೊಟ್ಟಗಾಗುತ್ತದೆ. ಇದನ್ನು ಕಂಡವರು ಲಕ್ವವೆಂದೋ ಗಾಳಿ ಸೋಂಕಿತೆಂದೋ ಕಂಗಾಲಾಗುವುದುಂಟು. ನಡೆದದ್ದು ಇಷ್ಟು: ಅತಿಯಾದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತದ ಕ್ಷಾರಗುಣ ಹೆಚ್ಚುತ್ತದೆ, ಆಗ ರಕ್ತದ ಪ್ರೋಟೀನುಗಳು ಹೆಚ್ಚು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತವೆ, ಸ್ವತಂತ್ರ ಅಯಾನುಗಳ ಪಾಲು ಕುಗ್ಗುತ್ತದೆ. ರಕ್ತದಲ್ಲಿರುವ ಒಟ್ಟು ಕ್ಯಾಲ್ಸಿಯಂ ಒಂದಿಷ್ಟೂ ಬದಲಾಗಿಲ್ಲ! ಉಸಿರಾಟ ಸಾವಕಾಶವಾದರೆ ಎಲ್ಲವೂ ಸರಿಹೋಗುತ್ತದೆ. ಮತ್ತೆ ಮತ್ತೆ ಹೀಗಾಗುವವರು ವೈದ್ಯರನ್ನು ಕಾಣಬೇಕು. ರಕ್ತದಿಂದ ಪ್ಲೇಟ್‌ಲೆಟ್ ಕಣಗಳನ್ನು ಮಾತ್ರ ದಾನ ಮಾಡುವವರಿಗೂ ತುಟಿ ಜುಮುಗುಟ್ಟುವುದುಂಟು. ರಕ್ತ ಹೆಪ್ಪುಗಟ್ಟದಿರಲೆಂದು ಯಂತ್ರದಲ್ಲಿ ಬೆರಸುವ ಸಿಟ್ರೇಟು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಡುತ್ತದೆ. ಅದರಲ್ಲಿ ಸ್ವಲ್ಪ ಭಾಗ ದಾನಿಯ ದೇಹಕ್ಕೆ ಮರಳುತ್ತದೆ. ‘ಕ್ಯಾಲ್ಸಿಯಂ ಎಂದರೆ ಮೂಳೆ’ ಎಂದು ಮಾತ್ರ ಕಲಿತವನಿಗೆ ಈ ಎರಡು ಘಟನೆಗಳೂ ಒಗಟುಗಳೇ.

ಹಾಗಾದರೆ ಮೂಳೆಯ ಪಾಠವೇ ಬೇಡವೆ? ಬೇಕು, ಆದರೆ ಅದನ್ನು ಸರಿಯಾದ ಸ್ಥಾನದಲ್ಲಿಡಬೇಕು. ಹಿಂದೆ ನಮ್ಮ ಊರುಗಳಲ್ಲಿ ಸುಗ್ಗಿಯ ಧಾನ್ಯವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬರ ಬಂದಾಗ ಅದನ್ನು ತೆಗೆದು ಉಣ್ಣುತ್ತಿದ್ದರು. ಮೂಳೆ ದೇಹದ ಕಂಬವೂ ಹೌದು, ಹಗೇವೂ ಹೌದು. ರಕ್ತದಲ್ಲಿ ಕ್ಯಾಲ್ಸಿಯಂ ಅಯಾನು ತುಸು ಇಳಿದರೂ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಗುರುತಿಸಿ ಹಾರ್ಮೋನನ್ನು ಸುರಿಸುತ್ತವೆ. ಅದರಿಂದ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕಿಳಿಯುತ್ತದೆ, ಮೂತ್ರಪಿಂಡಗಳು ಕ್ಯಾಲ್ಸಿಯಂ ಅನ್ನು ಉಳಿಸಿಕೊಳ್ಳುತ್ತವೆ, ವಿಟಮಿನ್ ಡಿ ಚುರುಕುಗೊಂಡು ಕರುಳು ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಅನ್ನು ಹೀರುತ್ತದೆ. ಕಂಬ ಸವೆದರೂ ಚಿಂತೆಯಿಲ್ಲ, ಚಿಟಿಕೆ ಕೆಡಬಾರದು: ಇದು ದೇಹದ ತೀರ್ಮಾನ. ನರ ಮತ್ತು ಹೃದಯಗಳಿಗೆ ಮೊದಲ ಪಂಕ್ತಿ, ಮೂಳೆಗೆ ಎರಡನೆಯ ಪಂಕ್ತಿ. ದೇಹ ಹಾಕಿಕೊಂಡಿರುವ ಈ ಕ್ರಮವನ್ನು ನಮ್ಮ ಪಾಠ ತಲೆಕೆಳಗುಮಾಡಿದೆ.

ಇದರಿಂದ ಆಗುವ ಕೆಡುಕು ಬರಿಯ ಪಾಂಡಿತ್ಯದ ಕೊರತೆಯಲ್ಲ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆಯೆಂದು ವರದಿ ಬಂದರೆ, ಮೂಳೆಯೂ ಗಟ್ಟಿಯಾಗಿದೆಯೆಂದು ಎಷ್ಟೋ ವಿದ್ಯಾವಂತರು ನಂಬುತ್ತಾರೆ. ಅದು ತಪ್ಪು. ಹಗೇವು ಬರಿದಾಗುತ್ತಿರುವಾಗಲೂ ಅಡುಗೆಮನೆಯ ಮಡಕೆ ತುಂಬಿರಬಹುದು. ಮೂಳೆ ಟೊಳ್ಳಾಗಿರುವ ವೃದ್ಧರಲ್ಲಿ ರಕ್ತದ ಕ್ಯಾಲ್ಸಿಯಂ ಸಾಮಾನ್ಯ ಮಟ್ಟದಲ್ಲಿಯೇ ಇರುವುದು ಅಪರೂಪವಲ್ಲ. ಮತ್ತೊಂದು ಕಡೆ, ಕ್ಯಾಲ್ಸಿಯಂ ಒಳ್ಳೆಯದೆಂದು ಕೇಳಿ ವೈದ್ಯರ ಸಲಹೆಯಿಲ್ಲದೆ ಮಾತ್ರೆಗಳನ್ನು ನುಂಗುವವರಿದ್ದಾರೆ. ರಕ್ತದಲ್ಲಿ ಅದು ಮಿತಿಮೀರಿದರೆ ಸ್ನಾಯುಗಳು ಸೋಲುತ್ತವೆ, ಬುದ್ಧಿ ಮಂಕಾಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲುಗಳಾಗಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹಾಲು, ಮೊಸರು, ಸೊಪ್ಪು, ಮೈಗೆ ಬೀಳುವ ಬಿಸಿಲು, ಇವುಗಳಿಂದ ಹಗೇವನ್ನು ಯೌವನದಲ್ಲಿಯೇ ತುಂಬಿಕೊಳ್ಳಬೇಕು. ಏಕೆ ತುಂಬಬೇಕೆಂಬುದರ ನಿಜವಾದ ಅರ್ಥ ತಿಳಿಯುವುದು ಹಗೇವಿನಿಂದ ಉಣ್ಣುವವರು ಯಾರೆಂದು ತಿಳಿದಾಗ ಮಾತ್ರ.

“ಪಠ್ಯಪುಸ್ತಕದಲ್ಲಿ ಇದೆಲ್ಲ ಇದೆಯಲ್ಲ” ಎಂದು ಉಪಾಧ್ಯಾಯರು ಆಕ್ಷೇಪಿಸಬಹುದು. ಚೂರುಚೂರಾಗಿ ಇದೆ, ನಿಜ. ಪದವಿಪೂರ್ವ ತರಗತಿಯಲ್ಲಿ ಸ್ನಾಯುವಿನ ಪಾಠದಲ್ಲಿ ಕ್ಯಾಲ್ಸಿಯಂ ಒಮ್ಮೆ ಬರುತ್ತದೆ. ರಕ್ತ ಹೆಪ್ಪುಗಟ್ಟುವ ಪಾಠದಲ್ಲಿ ಇನ್ನೊಮ್ಮೆ. ಗ್ರಂಥಿಗಳ ಪಾಠದಲ್ಲಿ ಮತ್ತೊಮ್ಮೆ. ಆದರೆ ಇವು ನಾಲ್ಕಾರು ಪುಟಗಳಲ್ಲಿ ಚದುರಿದ ಹೂಗಳು, ಪೋಣಿಸುವ ದಾರವಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಇಷ್ಟೆಲ್ಲ ಭಾರವಾದೀತೆಂಬ ಇನ್ನೊಂದು ಆಕ್ಷೇಪವೂ ಉಂಟು. ವಿಜ್ಞಾನಿಗಳ ಹೆಸರುಗಳೂ ಮಿಲಿವೋಲ್ಟುಗಳೂ ಅವರಿಗೆ ಬೇಡ, ಒಪ್ಪಿದೆ. ಆದರೆ ‘ದೇಹದ ಸಂಕೇತಗಳು ನಿಂತಿರುವುದು ಒಳಗೂ ಹೊರಗೂ ಇರುವ ಅಂತರದ ಮೇಲೆ’ ಎಂಬ ಒಂದು ಮಾತನ್ನು ಹದಿನಾಲ್ಕು ವರ್ಷದ ಹುಡುಗನು ಗ್ರಹಿಸಲಾರನೆಂದು ನಾನು ನಂಬುವುದಿಲ್ಲ. ಸುಣ್ಣದ ತಿಳಿನೀರಿಗೆ ಸೋಡಿಯಂ ಫಾಸ್ಫೇಟ್ ದ್ರಾವಣವನ್ನು ಹನಿಸಿ, ತಳಕ್ಕಿಳಿಯುವ ಬಿಳಿಯ ಗಸಿಯನ್ನು ತೋರಿಸಲು ಎರಡು ಪ್ರನಾಳಗಳು ಸಾಕು. ಮೂಳೆ ಏಕೆ ಗಟ್ಟಿ, ಕೋಶ ಏಕೆ ಕ್ಯಾಲ್ಸಿಯಂ ಅನ್ನು ಹೊರದೂಡುತ್ತದೆ, ಹೊರಗಿನಿಂದ ನುಗ್ಗುವ ಕೆಲವೇ ಅಯಾನುಗಳು ಏಕೆ ಸಂಕೇತವಾಗುತ್ತವೆ, ಈ ಮೂರನ್ನೂ ಆ ಒಂದು ಪ್ರಯೋಗದಿಂದ ಹೇಳಿಕೊಡಬಹುದು.

ಕಡೆಯದಾಗಿ ರಿಂಗರನ ಮಾತಿಗೆ ಮರಳುತ್ತೇನೆ. ನಲ್ಲಿಯ ನೀರಿನ ಕಥೆಯನ್ನು ಅದೃಷ್ಟದ ಕಥೆಯೆಂದು ಹೇಳುವ ವಾಡಿಕೆಯಿದೆ. ನನಗೆ ಹಾಗೆ ತೋರುವುದಿಲ್ಲ. ನೀರು ಬದಲಾದದ್ದು ಆಕಸ್ಮಿಕ. ಅದನ್ನರಿತ ಮೇಲೆ ಪ್ರಕಟವಾಗಿದ್ದ ತನ್ನ ಫಲಿತಾಂಶಗಳನ್ನು ತಾನೇ ಪ್ರಶ್ನಿಸಿ, ಮತ್ತೆ ಮೊದಲಿನಿಂದ ಅಳೆದದ್ದು ಆಕಸ್ಮಿಕವಲ್ಲ. ಪೂರ್ಣ ಅಂಕ ತಂದುಕೊಡುವ ಉತ್ತರವನ್ನು ನಾವು ಬಹಳ ಕಾಲದಿಂದ ಹೇಳಿಕೊಡುತ್ತ ಬಂದಿದ್ದೇವೆ. ಅದು ಅರ್ಧ ಸತ್ಯವೆಂದು ತಿಳಿದಿದ್ದೂ ತಿದ್ದದೆ ಹೋದರೆ ನಾವು ರಿಂಗರನ ದ್ರಾವಣವನ್ನು ಬಳಸುತ್ತೇವೆ, ಅವನ ಪಾಠವನ್ನು ಕಲಿತಿಲ್ಲ ಎಂದಾಗುತ್ತದೆ. ಮುಂದಿನ ಸಲ ತರಗತಿಯಲ್ಲಿ ಆ ಪ್ರಶ್ನೆ ಬಂದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಮೂಳೆಗೆ ಬೇಕು ಸಾರ್, ಆದರೆ ಅದಕ್ಕೆ ಮೊದಲು ನರಕ್ಕೂ ಹೃದಯಕ್ಕೂ ಬೇಕು” ಎಂದು ಉತ್ತರಿಸಲಿ. ಉಪಾಧ್ಯಾಯರು ಅವನನ್ನು ಕುಳ್ಳಿರಿಸದೆ, “ಹೇಗೆ, ವಿವರಿಸು” ಎಂದು ಕೇಳಲಿ.